ಟೈಲ್ಸ್ ಹಾಕಿದ ಹಟ್ಟಿ

ಕಳೆದ ಬುಧವಾರ ಬೆಳಿಗ್ಗೆ ನಾನು ಹೊಳೆಯುವ ಟೈಲ್ಸ್ ನೆಲದ ಮೇಲೆ ಯಾರದೋ ದನದ ಹಗ್ಗ ಹಿಡಿದು ನಿಂತಿದ್ದೆ. ದನ ಜಾರುತ್ತಿತ್ತು. ನಾನೂ ಜಾರುತ್ತಿದ್ದೆ. (ನಗಬೇಡಿ, ಪೂರ್ತಿ ಕೇಳಿ.)

ನಮ್ಮ ಸುರೇಶ ಕುಂದಾಪುರದಲ್ಲಿ ಆಟೋ ಓಡಿಸುತ್ತಾನೆ. ಹನ್ನೆರಡು ವರ್ಷದಿಂದ ಬಾಡಿಗೆ ಮನೆ. ಗುಲ್ವಾಡಿಯಲ್ಲಿ ಅಪ್ಪ ಕೊಟ್ಟ ಐದು ಸೆಂಟ್ಸ್ ಜಾಗವಿದೆ, ಅಲ್ಲೊಂದು ಸ್ವಂತ ಸೂರು ಬೇಕೆಂಬುದೇ ಅವನ ಹಠ. ಆದರೆ ಅದು ಕೃಷಿ ಜಾಗ. ಮನೆಗೆ ಕನ್ವರ್ಷನ್ ಬೇಕು, ಕನ್ವರ್ಷನ್‌ಗೆ ನಕ್ಷೆ ಬೇಕು, ನಕ್ಷೆಗೆ ಸರ್ವೆ ಬೇಕು, ಸರ್ವೆಯವರಿಗೆ ಪುರುಸೊತ್ತು ಬೇಕು. ಮೇಲಿಂದ ರಸ್ತೆ ಬದಿಗೆ ಇಷ್ಟು ಬಿಡಿ, ಪಕ್ಕಕ್ಕೆ ಇಷ್ಟು ಬಿಡಿ ಎಂದರು. ಬಿಟ್ಟು ಉಳಿದದ್ದರಲ್ಲಿ ಮನೆಮಂದಿಯೆಲ್ಲ ಒಂದೇ ಮಗ್ಗುಲಾಗಿ ಮಲಗಬೇಕಿತ್ತು.

ಆಗ ಊರಿನ ಹಿರಿಯರೊಬ್ಬರು ಉಪಾಯ ಹೇಳಿದರು. ಹಟ್ಟಿ, ಅಂದರೆ ದನದ ಕೊಟ್ಟಿಗೆ ಕಟ್ಟಿದರೆ ಯಾರೂ ಕೇಳುವುದಿಲ್ಲ. ಸುರೇಶ ಕಟ್ಟಿಯೇಬಿಟ್ಟ. ಕೆಂಪುಕಲ್ಲಿನ ಗೋಡೆ, ಎರಡು ಕೋಣೆ, ಟೈಲ್ಸ್, ಕನ್ನಡಿ ಸಮೇತ ವಾಶ್ ಬೇಸಿನ್. ಇಷ್ಟು ಚಂದದ ಹಟ್ಟಿ ಬೈಂದೂರಿನಿಂದ ಬ್ರಹ್ಮಾವರದ ತನಕ ಹುಡುಕಿದರೂ ಸಿಗಲಿಕ್ಕಿಲ್ಲ.

ಎಡವಿದ್ದು ಎಲ್ಲಿ ಗೊತ್ತೇ? ಲೈಸೆನ್ಸ್ ಇಲ್ಲದೆ ಮನೆ ಕಟ್ಟುವ ಧೈರ್ಯ ನಮಗಿದೆ, ಮನೆ ಒಕ್ಕಲಿನ ಪೂಜೆ ಮಾಡದೆ ಒಳಗೆ ಕಾಲಿಡುವ ಧೈರ್ಯ ಇಲ್ಲ. ಸುರೇಶ ಗೃಹಪ್ರವೇಶದ ಕಾಗದ ಪ್ರಿಂಟ್ ಮಾಡಿಸಿ ಊರೆಲ್ಲ ಹಂಚಿದ. ಒಂದು ಕಾಗದ ಹೇಗೋ ಪಂಚಾಯತ್ ಅಧಿಕಾರಿಯ ಮೇಜಿಗೂ ಹೋಯಿತು.

ಅವರು ತಪಾಸಣೆಗೆ ಬರುತ್ತಾರೆಂದು ತಿಳಿದದ್ದೇ ತಡ, ಸುರೇಶನ ಹೆಂಡತಿ ಗಿರಿಜಾ ಪಕ್ಕದ ಮನೆಯ ದನವನ್ನು ಕೇಳಿ ತಂದಳು. ಪೇಪರಿಗೆ ಬರೆಯುವವರು ಇದ್ದರೆ ಒಳ್ಳೆಯದೆಂದು ನನಗೂ ಬುಲಾವ್. ನನ್ನ ಬರವಣಿಗೆಯ ಉಪಯೋಗ ಹಗ್ಗ ಹಿಡಿಯುವುದಕ್ಕೆ ಆಯಿತು.

ಅಧಿಕಾರಿ ಕಾಗದ ಕೈಯಲ್ಲಿ ಹಿಡಿದೇ ಬಂದರು. ದನವನ್ನು ನೋಡಿದರು, ನನ್ನನ್ನು ನೋಡಿದರು. ಕನ್ನಡಿ ಯಾರಿಗೆ ಎಂದು ಕೇಳಿದರು. ಸುರೇಶ ನನ್ನ ಮುಖ ನೋಡಿದ. ಗಿರಿಜಾ ಮಾತ್ರ ತಡವರಿಸಲಿಲ್ಲ.

"ದನಕ್ಕೇ ಸರ್. ಒಂದೇ ಇತ್ತಲ್ದಾ, ಬೇಜಾರಾತ್ತ್."

ಅವರು ಬೇರೆ ಕಡೆ ತಿರುಗಿ ನಕ್ಕರು. ತಮ್ಮದೂ ಬಾಡಿಗೆ ಮನೆಯೇ ಎಂದು ಮೆಲ್ಲಗೆ ಹೇಳಿ, 'ಹಟ್ಟಿ' ಎಂದೇ ಬರೆದುಕೊಂಡು ಹೋದರು. ಪುಣ್ಯಾತ್ಮ!

ಆದರೆ ನನಗೆ ಸಿಟ್ಟು ಬಂದದ್ದು ಹೊರಗೆ ಬಂದ ಮೇಲೆ. ಎದುರಿಗೇ ಒಂದು ಮೂರು ಮಾಳಿಗೆಯ ಬಂಗಲೆ. ಯಜಮಾನರು ಮುಂಬೈಯಲ್ಲಿ. ವರ್ಷಕ್ಕೆ ನಾಲ್ಕು ದಿನ ಬಾಗಿಲು ತೆರೆಯುತ್ತದೆ, ಉಳಿದ ದಿನ ಪಾರಿವಾಳಗಳ ಸಂಸಾರ. ಕಾಗದಪತ್ರ ಮಾತ್ರ ಎಲ್ಲ ಸರಿ. ಬೀಗ ಹಾಕಿಟ್ಟ ಬಂಗಲೆಗೆ ತೆರಿಗೆ ಒಂದಿಷ್ಟು ಜಾಸ್ತಿ ಮಾಡಿ, ಐದು ಸೆಂಟ್ಸಿನವನಿಗೆ ಶುಲ್ಕ ಇಳಿಸಿದರೆ ಯಾರ ಗಂಟು ಹೋಗುತ್ತದೆ? ಸಣ್ಣ ಜಾಗದವರು ಸುತ್ತ ಸ್ವಲ್ಪವೇ ಅಂಚು ಬಿಟ್ಟರೆ ಸಾಕು, ಒಂದೇ ಅರ್ಜಿ ಸಾಕು ಎನ್ನಲು ಏನು ಕಷ್ಟ? ಸುರೇಶನೇನು ತೆರಿಗೆ ಕೊಡುವುದಿಲ್ಲ ಎಂದನೇ? ಕೊಡುತ್ತೇನೆ ಎಂದರೂ ಹಟ್ಟಿಗೆ ಮನೆ ತೆರಿಗೆ ಕಟ್ಟಿಸಿಕೊಳ್ಳುವವರಿಲ್ಲ.

ಸಂಜೆ ಅವನ ಫೋನ್ ಬಂತು. ಸೂರು ಉಳಿಯಿತು, ಆದರೆ ಹಟ್ಟಿಗೆ ಮನೆ ನಂಬರ್ ಇಲ್ಲವಂತೆ.

"ಹ್ವಾಯ್, ಇನ್ನ್ ಈ ಅಡ್ರೆಸ್ಸಿಗೆ ರೇಶನ್ ಕಾರ್ಡ್ ಯಾರ್ ಹೆಸ್ರಗೆ ಮಾಡ್ಸೂದ್ ಮಾರಾಯ್ರೆ? ನನ್ ಹೆಸ್ರಗಾ, ದನದ್ ಹೆಸ್ರಗಾ?"