ವನಜತ್ತೆಯ ಸಂಖ್ಯಾಶಾಸ್ತ್ರ

ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿ ಊಟ ಮುಗಿಸಿ, ಕಂಪ್ಯೂಟರಿನ ಮುಂದೆ ಕಣ್ಣು ಬಿಟ್ಟುಕೊಂಡೇ ತೂಕಡಿಸುವ ನನ್ನ ಹಳೆಯ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಸೋದರತ್ತೆಯ ಮಗಳು ಮೈತ್ರಿ ಪುಸ್ತಕದ ಒಂದು ಪುಟದ ಫೋಟೊ ಕಳಿಸಿದ್ದಳು. ಈ ವರ್ಷ ತಾನೇ ಕಾಲೇಜು ಸೇರಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಫೋಟೊದ ಕೆಳಗೆ ತಮಿಳಿನಲ್ಲಿ, “ಅಕ್ಕಾ, ಇದು ಎನ್ನ ಕಣಕ್ಕು? ಪುರಿಯವೇ ಇಲ್ಲ.” ಲೆಕ್ಕ ತಲೆಗೆ ಹತ್ತುತ್ತಿಲ್ಲವಂತೆ. ಮೈತ್ರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಆಡುವುದಿಲ್ಲ. ಅವಳ ಅಮ್ಮ ಬಯ್ಯುವುದು ಕನ್ನಡದಲ್ಲಿ. ಎದುರುತ್ತರ ಕೊಡಲು ಬೇರೆ ಭಾಷೆ ಇದ್ದರೆ ಅನುಕೂಲ ಎಂದು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದಾಳೆ.

ಲೆಕ್ಕ ಹೀಗಿತ್ತು: ಒಂದು ಬೀದಿಯ ಕೆಲವು ಅಂಗಡಿಗಳ ದಿನದ ಮಾರಾಟ ಕೊಟ್ಟಿದೆ. ಒಂದು ಅಂಗಡಿಯದು ಮಾತ್ರ ಉಳಿದೆಲ್ಲಕ್ಕಿಂತ ವಿಪರೀತ ಹೆಚ್ಚು. ಸರಾಸರಿ ತೆಗೆಯುವಾಗ ಅದನ್ನು ಬಿಡಬಹುದೇ? ಕಾರಣ ಕೊಡಿ.

ಓದಿದವಳೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಇನ್ಶೂರೆನ್ಸ್ ಆಫೀಸಿನಲ್ಲಿ ಯಾರೂ ಹಾಗೆ ನಗುವ ರೂಢಿಯಿಲ್ಲ. ಏನು ಮಾಡಲಿ ಹೇಳಿ? ಇಂಥದೇ ಒಂದು ಲೆಕ್ಕ ನಮ್ಮ ಮನೆಯಲ್ಲಿ ನಡೆಯದೇ ಇದ್ದಿದ್ದರೆ ಮೈತ್ರಿ ಎಂಬ ಹುಡುಗಿ ಈ ಪ್ರಪಂಚಕ್ಕೇ ಬರುತ್ತಿರಲಿಲ್ಲ.

ಆಗ ನಾವು ಕೀಲ್ಪಾಕಿನ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನಿಗೆ ಎಗ್ಮೋರಿನಲ್ಲಿ ರೈಲ್ವೆ ಕೆಲಸ. ಮೈಸೂರು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವರ ಬಾಯಲ್ಲಿ ಮೈಸೂರು ಹಾಗೇ ಇತ್ತು. ಅವರ ತಂಗಿ ವನಜತ್ತೆ ನಮ್ಮ ಜೊತೆಯಲ್ಲೇ ಇದ್ದಳು. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ಮೂವತ್ತೈದರ ಹತ್ತಿರ, ಮದುವೆಯಾಗಿರಲಿಲ್ಲ. ನೋಡಲು ಬಂದವರಿಗೇನೂ ಕೊರತೆಯಿರಲಿಲ್ಲ. ಬರುತ್ತಿದ್ದರು, ಕೇಸರಿಬಾತು ತಿನ್ನುತ್ತಿದ್ದರು, ಹುಡುಗಿ ಲಕ್ಷಣವಾಗಿದ್ದಾಳೆ ಎನ್ನುತ್ತಿದ್ದರು, ಆಮೇಲೆ ಗಂಟಲು ಸರಿಮಾಡಿಕೊಂಡು, “ನೈಟ್ ಡ್ಯೂಟಿನೂ ಇರತ್ತಾ?” ಎಂದು ಕೇಳುತ್ತಿದ್ದರು. ಇರತ್ತೆ ಎಂದಳು ಅತ್ತೆ. ಮದುವೆಯಾದ ಮೇಲೆ ಬಿಡಬೇಕಾಗುತ್ತೆ ಎಂದರು ಅವರು. ಬಿಡಲ್ಲ ಎಂದಳು ಅತ್ತೆ. ಹೀಗೆ ಕೆಲವು ವರ್ಷ ನಡೆದು, ಕೊನೆಗೆ ಅಮ್ಮ ಕೇಸರಿಬಾತು ಮಾಡುವುದನ್ನು ನಿಲ್ಲಿಸಿದಳು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಮಾತ್ರ ಯಾರದಾದರೂ ಮದುವೆಗೆ ಹೋಗುವ ಮಾತು ಬಂದರೆ ಆ ದಿನಕ್ಕೆ ಸರಿಯಾಗಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದಳು.

ಆ ಹೊತ್ತಿಗೆ ಅವಳಿಗೆ ಡಿಗ್ರಿ ಮಾಡುವ ಹಟ ಬಂತು. ಡಿಗ್ರಿಯಾದರೆ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುವ ಕೆಲಸ ಸಿಗುತ್ತದೆ. ಅಂಗರಚನೆ, ಔಷಧಿ, ರೋಗಿಯ ಆರೈಕೆ ಎಲ್ಲವನ್ನೂ ನೀರು ಕುಡಿದ ಹಾಗೆ ಪಾಸು ಮಾಡಿದಳು. ಸಂಖ್ಯಾಶಾಸ್ತ್ರ ಎಂಬ ಒಂದು ಪೇಪರು ಮಾತ್ರ ಅವಳನ್ನು ಕೆಡವಿ ಹಾಕಿತು. ಅದೇ ವರ್ಷ ನಾನು ಬಿ.ಕಾಂ. ಓದುತ್ತಿದ್ದೆ, ಫೈನಾನ್ಸ್ ಪೇಪರಿನಲ್ಲಿ ಅಷ್ಟೇ ಶ್ರದ್ಧೆಯಿಂದ ಬಿದ್ದಿದ್ದೆ. ಅತ್ತೆ, ಸೊಸೆ ಇಬ್ಬರೂ ಒಂದೇ ವಾರ ಫೇಲಾದ ಸುದ್ದಿ ತಂದಾಗ ಅಪ್ಪ ಓದುತ್ತಿದ್ದ ದಿನಪತ್ರಿಕೆ ಮಡಿಸಿಟ್ಟು, “ನಮ್ಮ ವಂಶದಲ್ಲಿ ಒಗ್ಗಟ್ಟು ಇಲ್ಲ ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ” ಎಂದರು.

ಪರಿಹಾರವನ್ನೂ ಅವರೇ ಹುಡುಕಿದರು. ತ್ರಿಪ್ಲಿಕೇನಿನಲ್ಲಿ ಅವರು ಇಡ್ಲಿ ತಿನ್ನಲು ಹೋಗುತ್ತಿದ್ದ ಉಡುಪಿ ಕಡೆಯವರ ಹೋಟೆಲೊಂದಿತ್ತು. ಅದರ ಮಾಲಿಕರ ತಮ್ಮ ಶ್ರೀಪತಿ ಎಂಬವರು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಹೋಟೆಲಿನ ಮಹಡಿಯ ಮೇಲೆ ಒಂದು ಕೋಣೆಯಲ್ಲಿ ಪುಸ್ತಕಗಳ ನಡುವೆ ಒಬ್ಬರೇ ಇದ್ದರು. ಭಾನುವಾರ ಬೆಳಿಗ್ಗೆ ಬಂದು ಪಾಠ ಹೇಳಲು ಒಪ್ಪಿದರು. ಫೀಸಿನ ಮಾತೆತ್ತಿದಾಗ ಕೈಮುಗಿದು, “ಅದೆಲ್ಲ ಎಂತಕ್ಕೆ ಮಾರಾಯ್ರೇ? ಒಂದು ಹೊತ್ತು ಮನೆಯ ಊಟ ಹಾಕಿ, ಸಾಕು. ನಾನು ಹುಟ್ಟಿದಾಗಿಂದ ಹೋಟೆಲಿನದ್ದೇ ತಿಂದದ್ದು” ಎಂದರಂತೆ.

ಮೇಷ್ಟ್ರು ಎಂದರೆ ನಾನು ದಪ್ಪ ಕನ್ನಡಕ, ಬೆತ್ತ ಇತ್ಯಾದಿ ಕಲ್ಪಿಸಿಕೊಂಡಿದ್ದೆ. ಬಂದವರು ತೆಳ್ಳಗೆ ಉದ್ದಕ್ಕಿದ್ದ, ಬಾಗಿಲು ಇರುವುದಕ್ಕಿಂತ ಗಿಡ್ಡ ಎಂದು ಭಾವಿಸಿ ಪ್ರತಿ ಸಲವೂ ತಲೆ ಬಗ್ಗಿಸಿ ಒಳಬರುವ ಮನುಷ್ಯ. ಅವರಿಗೆ ಜಗತ್ತಿನ ಎಲ್ಲವೂ ಅರ್ಥಶಾಸ್ತ್ರದ ಉದಾಹರಣೆ. “ಈಗ ನೀವು ಉಪ್ಪಿಟ್ಟು ಮಾಡಿದ್ರಿ ಅಂತ ಇಟ್ಕೊಳ್ಳಿ. ಹಾಗಾದ್ರೆ ದೋಸೆಯನ್ನು ಕಳ್ಕೊಂಡ್ರಿ. ಒಂದನ್ನು ಆರಿಸಿದ್ರೆ ಕಳ್ಕೊಳ್ಳುವ ಇನ್ನೊಂದೇ ಅದರ ನಿಜವಾದ ಬೆಲೆ.” ಉಪ್ಪಿಟ್ಟು ಬಡಿಸುತ್ತಿದ್ದ ಅಮ್ಮ, ಇವರಿಗೆ ದೋಸೆ ಬೇಕಿತ್ತೇನೋ ಎಂದು ತಿಳಿದು ಮುಂದಿನ ವಾರ ದೋಸೆಯನ್ನೇ ಮಾಡಿದಳು. ಅರ್ಥಶಾಸ್ತ್ರದಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅದು.

ನನಗೆ ಕಲಿಸುವುದು ಅವರಿಗೆ ಕಷ್ಟವಾಗಲಿಲ್ಲ. ಮುಂದೆಂದೋ ಬರುವ ಹಣಕ್ಕೆ ಇವತ್ತಿನ ಬೆಲೆ ಎಷ್ಟು ಎಂಬ ಲೆಕ್ಕವನ್ನು ನಾನು ಅರ್ಥಮಾಡಿಕೊಳ್ಳದೆಯೇ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ಕಷ್ಟವಾಗಿದ್ದು ಅತ್ತೆಗೆ. ಅವಳಿಗೆ ಕೂಡಿಸಿ ಕಳೆಯಲು ಬರುತ್ತಿರಲಿಲ್ಲ ಎಂದಲ್ಲ. ಲೆಕ್ಕದೊಳಗಿನ ಜನರ ಗೋಜಿಗೆ ಹೋಗುತ್ತಿದ್ದಳು. ಪೆಟ್ಟಿಗೆಯಲ್ಲಿ ಕೆಂಪು, ಬಿಳಿ ಚೆಂಡುಗಳಿವೆ, ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಎಂದು ಮೇಷ್ಟ್ರು ಶುರುಮಾಡಿದರೆ, “ಕಣ್ಣು ಯಾಕ್ರೀ ಮುಚ್ಚಬೇಕು? ನೋಡ್ಕೊಂಡೇ ತೆಗೆದರಾಯ್ತಪ್ಪ” ಎನ್ನುತ್ತಿದ್ದಳು. ಅದಾದರೂ ಪರವಾಗಿಲ್ಲ. ಅರ್ಧ ರೋಗಿಗಳಿಗೆ ಹೊಸ ಔಷಧಿ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ ಎಂಬ ಲೆಕ್ಕ ಬಂದ ದಿನ ಪುಸ್ತಕವನ್ನೇ ಮುಚ್ಚಿಬಿಟ್ಟಳು.

“ಅವರಿಗ್ಯಾಕೆ ಕೊಡಲಿಲ್ಲ?”

“ಹೋಲಿಸ್ಲಿಕ್ಕೆ.”

“ಹೋಲಿಸಿ ಆದಮೇಲಾದ್ರೂ ಕೊಟ್ರಾ?”

ಮೇಷ್ಟ್ರು ಪುಸ್ತಕ ತೆರೆದು, ಹಿಂದೆ ಮುಂದೆ ತಿರುವಿ, ನಿಜವಾಗಿಯೂ ಹುಡುಕಿದರು. “ಪುಸ್ತಕದಲ್ಲಿ ಹೇಳ್ಲಿಲ್ಲ” ಎಂದರು, ತಾವೇ ಕೊಡದೆ ಬಿಟ್ಟವರ ಹಾಗೆ ಮುಖ ಸಣ್ಣ ಮಾಡಿಕೊಂಡು. ಬೇರೆ ಯಾರಾಗಿದ್ದರೂ ಬಯ್ದು ಮುಂದಕ್ಕೆ ಹೋಗುತ್ತಿದ್ದರು. ಈ ಮನುಷ್ಯ ಹುಡುಕಿದರಲ್ಲ, ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಇನ್ನೊಂದು ಸುಳಿವೂ ಇತ್ತು. ಇಡೀ ಬೀದಿ ಅತ್ತೆಯನ್ನು ‘ಸಿಸ್ಟರ್’ ಎಂದು ಕರೆಯುತ್ತಿತ್ತು. ಹಾಲಿನವನು, ಪೋಸ್ಟಿನವನು, ಮಹಡಿ ಮೇಲಿನ ತಮಿಳು ಮಾಮಿ, ಎಲ್ಲರೂ. ಮೇಷ್ಟ್ರು ಒಬ್ಬರು ಮಾತ್ರ ಆ ಶಬ್ದವನ್ನು ಬಿಸಿ ಪಾತ್ರೆಯ ಹಾಗೆ ಮುಟ್ಟದೆ, “ನೀವು… ಅದೇ… ನೀವು” ಎಂದು ಸುತ್ತುಬಳಸಿ ಮಾತಾಡುತ್ತಿದ್ದರು.

ಹೀಗಿರುವಾಗ ಅತ್ತೆಗೆ ಪ್ರಾಜೆಕ್ಟ್ ಬಂತು. ಬೀದಿಯ ಹಾಗೂ ಪರಿಚಯದ ಜನರ ಬಿಪಿ ಅಳೆದು, ಸರಾಸರಿ ತೆಗೆದು, ವರದಿ ಬರೆಯಬೇಕು. ಅದರಲ್ಲೂ ಫೇಲಾದರೆ ಡಿಗ್ರಿಯ ಆಸೆ ಬಿಡುವುದಾಗಿ ಅವಳು ಹೇಳಿಬಿಟ್ಟಿದ್ದಳು. ಭಾನುವಾರ ನಮ್ಮ ಹಜಾರವೇ ಆಸ್ಪತ್ರೆಯಾಯಿತು. ಮಹಡಿ ಮಾಮಿ ಮೊದಲು ಬಂದು, ಬೇರೆಯವರದೆಲ್ಲ ಎಷ್ಟೆಷ್ಟು ಬಂತು ಎಂದು ತಿಳಿದುಕೊಳ್ಳಲು ಕೊನೆಯವರೆಗೂ ಕೂತರು. ಎಲ್ಲರದೂ ಆದಮೇಲೆ ಅತ್ತೆ, “ನಿಮ್ದೂ ನೋಡೇಬಿಡ್ತೀನಿ, ಕೈ ಕೊಡಿ” ಎಂದು ಮೇಷ್ಟ್ರ ತೋಳಿಗೆ ಪಟ್ಟಿ ಸುತ್ತಿದಳು. ಸ್ಟೆತಾಸ್ಕೋಪ್ ಕಿವಿಗಿಟ್ಟುಕೊಂಡು ರಬ್ಬರ್ ಉಂಡೆ ಒತ್ತಿದಳು. ಮುಳ್ಳು ಇಳಿಯುವುದನ್ನೇ ನೋಡುತ್ತಿದ್ದವಳ ಹುಬ್ಬು ಗಂಟಾಯಿತು. ಇನ್ನೊಂದು ಸಲ ನೋಡಿದಳು. “ಇಷ್ಟೊಂದಾ! ನೀವು ಡಾಕ್ಟರಿಗೆ ತೋರಿಸ್ಕೊಂಡಿದೀರಾ?”

ಅಂದಿನಿಂದ ಮೇಷ್ಟ್ರ ಎಲೆಯಲ್ಲಿ ಉಪ್ಪಿನಕಾಯಿ ಬೀಳಲಿಲ್ಲ. ಹಪ್ಪಳ ನಿಂತಿತು. ಸಾರಿಗೆ ಉಪ್ಪು ಹಾಕುವ ಮೊದಲೇ ಅವರ ಪಾಲು ಬೇರೆ ತೆಗೆದಿಡುತ್ತಿದ್ದಳು ಅಮ್ಮ. ಮನೆಯೂಟದ ಆಸೆಗೆ ಬಂದ ಮನುಷ್ಯ ಆ ಸಪ್ಪೆ ಸಾರನ್ನು ಒಂದು ಮಾತಾಡದೆ ಉಂಡರು. ಮುಂದಿನ ಭಾನುವಾರ ಅತ್ತೆ ಮತ್ತೆ ಪಟ್ಟಿ ಸುತ್ತಿದಳು. ಬಿಪಿ ಇನ್ನೂ ಮೇಲೆ. ಅದರ ಮುಂದಿನ ವಾರವೂ ಹಾಗೇ. ಅತ್ತೆಗೆ ಗಾಬರಿ. ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಮೇಷ್ಟ್ರು ಎಂತದೂ ಬೇಡ, ಬೇಡ ಎಂದು ತಲೆ ಬಗ್ಗಿಸಿ ಹೊರಟೇಬಿಟ್ಟರು.

ಆ ವಾರ ಅಪ್ಪನ ಜೊತೆ ನಾನೂ ತ್ರಿಪ್ಲಿಕೇನಿಗೆ ಹೋಗಿದ್ದೆ. ಗಲ್ಲಾದಲ್ಲಿ ಕೂತಿದ್ದ ಮೇಷ್ಟ್ರ ಅಣ್ಣನ ಹತ್ತಿರ ಅಪ್ಪ ದನಿ ತಗ್ಗಿಸಿ, “ನಿಮ್ಮ ತಮ್ಮನ ಬಿಪಿ ಸ್ವಲ್ಪ ನೋಡ್ಕೋಬೇಕು ಕಣ್ರೀ” ಎಂದರು.

“ಯಾರಿಗೆ, ಶ್ರೀಪತಿಗಾ?” ಅಣ್ಣ ಜೋರಾಗಿ ನಕ್ಕರು. “ಮೊನ್ನೆ ನಾನೇ ಇಲ್ಲಿ ಹತ್ತಿರದ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಕುದುರೆಯ ಹಾಗೆ ಉಂಟು ಅಂದ್ರು. ಆದ್ರೆ ಭಾನುವಾರ ಬಂತು ಅಂದ್ರೆ ಎಂತ ಆಗ್ತದೋ ಗೊತ್ತಿಲ್ಲ. ನಿಮ್ಮಲ್ಲಿಗೆ ಹೊರಡುವಾಗ ಒಂದು ಶರ್ಟು ಹಾಕ್ತಾನೆ, ತೆಗೀತಾನೆ, ಇನ್ನೊಂದು ಹಾಕ್ತಾನೆ. ಪಾಠ ಹೇಳ್ಲಿಕ್ಕೆ ಇಷ್ಟು ಶರ್ಟು ಬೇಕಾ?”

ಅಪ್ಪ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಒಂದೇ ಮಾತು ಆಡಿದ್ದು: “ಮನೇಲಿ ಬಾಯಿ ಬಿಡಬೇಡ. ಆ ಮನುಷ್ಯನೇ ಹೇಳ್ಲಿ.” ಸ್ವಲ್ಪ ಹೊತ್ತು ಬಿಟ್ಟು, ಕಿಟಕಿಯ ಕಡೆ ತಿರುಗಿ, “ಹೇಳ್ತಾನೇನೇ?” ಎಂದರು.

ವರದಿ ಬರೆಯುವ ಭಾನುವಾರ ಬಂತು. ನಾನು ಕ್ಯಾಲ್ಕುಲೇಟರ್ ಒತ್ತುತ್ತಿದ್ದೆ. ಅಪ್ಪ ಪೇಪರಿನ ಹಿಂದೆ ಕೂತಿದ್ದರು; ಪುಟ ಮಾತ್ರ ತಿರುಗುತ್ತಿರಲಿಲ್ಲ. ಅತ್ತೆ ಬರೆದಿದ್ದನ್ನು ಮೇಷ್ಟ್ರು ಮೇಲಿಂದ ಕೆಳಗೆ ನೋಡಿ, ಕೆಮ್ಮಿ, “ಈ ಕೊನೆಯದ್ದು, ನನ್ನದ್ದು, ತೆಗೆದುಬಿಡಿ. ಇದೊಂದರಿಂದ ನಿಮ್ಮ ಸರಾಸರಿ ಹಾಳಾಗ್ತದೆ” ಎಂದರು.

“ಯಾಕೆ ತೆಗೀಬೇಕು? ಕಾರಣ ಇಲ್ಲದೆ ಯಾವ ಸಂಖ್ಯೆನೂ ಬಿಡೋ ಹಾಗಿಲ್ಲ ಅಂತ ಹೋದ್ವಾರ ನೀವೇ ಪಾಠ ಮಾಡಿದ್ರಿ.”

“ಕಾರಣ ಉಂಟು.”

“ಹೇಳಿ, ಬರ್ಕೋತೀನಿ.”

ಮೇಷ್ಟ್ರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. “ಅಳತೆ ಸರಿ ಇಲ್ಲ,” ಎಂದರು ಕೊನೆಗೆ. “ಬೇರೆಯವರು ನೋಡಿದ್ರೆ ಸರಿಯೇ ಬರ್ತದೆ. ಡಾಕ್ಟ್ರು ನೋಡಿದಾಗ ಎಂತದೂ ಇರ್ಲಿಲ್ಲ. ನೀವು ಕೈ ಹಿಡಿದ್ರೆ ಮಾತ್ರ… ಹಾಗೆ ಏರ್ತದೆ. ಇದನ್ನು ವರದಿಯಲ್ಲಿ ಹೇಗೆ ಬರೀಬೇಕು ಅಂತ ನನಗೂ ಗೊತ್ತಿಲ್ಲ.”

ಅತ್ತೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ತಲೆಯೆತ್ತದೆ ಕೇಳಿದಳು: “ನನಗೆ ನೈಟ್ ಡ್ಯೂಟಿ ಇರತ್ತೆ. ಗೊತ್ತಲ್ಲ?”

“ಗೊತ್ತುಂಟು.”

“ಕೆಲಸ ಬಿಡು ಅಂತ ಹೇಳೋರಾದ್ರೆ ಈಗ್ಲೇ ಹೇಳಿಬಿಡಿ.”

“ಎಂತಕ್ಕೆ ಬಿಡುದು?” ಮೇಷ್ಟ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಮ್ಮ ಹೋಟೆಲಿನಲ್ಲಿ ಬೆಳಗಾಗುವ ಮೊದಲೇ ಒಲೆ ಹೊತ್ತಿಸ್ತಾರೆ. ನೀವು ಡ್ಯೂಟಿ ಮುಗಿಸಿ ಬರುವಾಗ ಕಾಫಿ ಬಿಸಿ ಇರ್ತದೆ.”

ಅತ್ತೆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, “ಹಾಗಾದ್ರೆ ತೆಗೆಯೋದು ಬೇಡ. ಇರ್ಲಿ ಬಿಡಿ” ಎಂದಳು.

ಅಪ್ಪನ ಪೇಪರು ನಡುಗತೊಡಗಿತು. ನಗುತ್ತಿದ್ದಾರೆ ಎಂದುಕೊಂಡು ಇಣುಕಿದೆ. ನಗುತ್ತಿರಲಿಲ್ಲ. ಅಮ್ಮ ಒಳಗೆ ಹೋಗಿ ರವೆಯ ಡಬ್ಬ ಇಳಿಸಿದ ಸದ್ದು ಕೇಳಿಸಿತು.

ವೈವಾದಲ್ಲಿ ಪರೀಕ್ಷಕರು ಸರಿಯಾಗಿ ಅದೇ ಸಂಖ್ಯೆಯ ಮೇಲೆ ಬೆರಳಿಟ್ಟು, “ಈ ಒಬ್ಬರದು ಇಷ್ಟು ಹೆಚ್ಚಿದೆಯಲ್ಲ, ಏನು ಕ್ರಮ ತೆಗೆದುಕೊಂಡಿರಿ?” ಎಂದರಂತೆ. “ಇನ್ನು ಮೇಲೆ ನಾನೇ ನಿಗಾ ವಹಿಸ್ತೀನಿ ಸಾರ್” ಎಂದಳಂತೆ ಅತ್ತೆ. ಪಾಸಾದಳು. ಆ ವರ್ಷ ನಾನೂ ಪಾಸಾದೆ. ಆದರೆ ಮದುವೆಯ ಗಲಾಟೆಯಲ್ಲಿ ನನ್ನ ಫೈನಾನ್ಸಿಗೆ ಯಾರೂ ಕಿವಿಗೊಡಲಿಲ್ಲ.

ನಿನ್ನೆ ಸಂಜೆ ಆಫೀಸು ಮುಗಿಸಿ ನೇರವಾಗಿ ಅತ್ತೆಯ ಮನೆಗೆ ಹೋದೆ. ಈಗ ಅವಳು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಶ್ರೀಪತಿ ಮಾವ ಇನ್ನೇನು ರಿಟೈರಾಗಲಿದ್ದಾರೆ. ಮೈತ್ರಿಗೆ ಲೆಕ್ಕ ಹೇಳಿಕೊಡುವ ನೆಪದಲ್ಲಿ ಈ ಕತೆಯನ್ನೆಲ್ಲ ಹೇಳಿದೆ. “ಅಪ್ಪಾವಾ? ನಮ್ಮ ಅಪ್ಪಾವಾ?” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈತ್ರಿಯ ಕಿವಿಗೆ ಬೀಳದ ಹಾಗೆ ಎಷ್ಟೋ ಮದುವೆ ಮುಂಜಿಗಳಲ್ಲಿ ನಾನು ಹೇಳಿ ಹೇಳಿ ನುಣುಪಾದ ಕತೆ ಇದು. ಮಾವನ ಸಂಕೋಚದ ಭಾಗವನ್ನು ಅಭಿನಯಿಸಿಯೂ ತೋರಿಸುತ್ತೇನೆ.

ಬಟ್ಟೆ ಮಡಿಸುತ್ತಿದ್ದ ಅತ್ತೆ, “ನೀನು ಹೇಳೋದೆಲ್ಲ ಸರಿ. ಒಂದು ಮಾತ್ರ ನಿಂಗೊತ್ತಿಲ್ಲ” ಎಂದಳು.

“ಏನತ್ತೆ?”

“ಅಷ್ಟು ವರ್ಷ ವಾರ್ಡಲ್ಲಿ ಇದ್ದೋಳು ನಾನು. ಸಾವಿರ ಜನದ್ದು ನೋಡಿದೀನಿ, ಒಂದು ದಿನ ಕೈ ತಪ್ಪಿಲ್ಲ. ಇವರದ್ದು ನೋಡುವಾಗ ಸ್ಟೆತಾಸ್ಕೋಪಲ್ಲಿ ಡಬಡಬ ಅಂತ ಕೇಳೋದು. ಅದು ಇವರದ್ದೋ ನಂದೋ ಅಂತಾನೇ ತಿಳೀತಿರಲಿಲ್ಲ ಕಣೆ. ಅದಕ್ಕೇ ವಾರ ವಾರ ನೋಡ್ತಿದ್ದೆ. ನಾನು ಬರೆದಿದ್ದು ಯಾರ ಬಿಪಿನೋ, ಇವತ್ತಿಗೂ ಖಾತ್ರಿಯಾಗಿ ಹೇಳಲಾರೆ.”

ಮೈತ್ರಿಯ ನಗು ನಿಂತಿತು. ಹಿಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದ ಹಾಗಿದ್ದ ಮಾವ ಕಣ್ಣು ತೆರೆಯಲಿಲ್ಲ. ಆದರೆ ಅವರ ಕಿವಿ ಮೆಲ್ಲಗೆ ಕೆಂಪಾಗುತ್ತಿರುವುದು ನನಗೆ ಕಾಣುತ್ತಿತ್ತು.