ಡಬ್ಬಿಯ ಮೇಲಿನ ಹಳದಿ ಚಿತ್ರ

ಸೂರ್ಯನಿಂದ, ನಕ್ಷತ್ರಗಳಿಂದ ಹೊರಡುವ ಎಕ್ಸ್-ರೇ ನೆಲಕ್ಕೆ ತಲುಪುವುದಿಲ್ಲ. ನಡುವಿನ ಗಾಳಿಯೇ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ನಮ್ಮ ಕಾಲೇಜಿನ ಮಕ್ಕಳು ಕಲಬುರಗಿಯಿಂದ ದೊಡ್ಡ ಬಲೂನಿಗೆ ಥರ್ಮಾಕೋಲ್ ಡಬ್ಬಿ ಕಟ್ಟಿ ಮೇಲೆ ಬಿಟ್ಟರು. ಒಳಗೆ ಸೂರ್ಯನ ಎಕ್ಸ್-ರೇ ಹಿಡಿಯುವ ಪುಟ್ಟ ಉಪಕರಣ, ಹೊರಗೆ ನನ್ನ ಫೋನ್ ನಂಬರು. ಫಿಜಿಕ್ಸ್ ಕಲಿಸುವ ನಾನು ಸ್ವಂತ ಬುದ್ಧಿಯಿಂದ ಮಾಡಿದ್ದು ಒಂದೇ ಕೆಲಸ. ಬೋಳು ಡಬ್ಬಿ ಪೇಪರಿನ ಫೋಟೊದಲ್ಲಿ ಸಪ್ಪೆ ಕಂಡೀತೆಂದು ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯೊಂದರಲ್ಲಿ ಹಳದಿ ಸ್ಟಿಕರ್ ಮಾಡಿಸಿದೆ: ವಿಕಿರಣದ ಅಪಾಯ ಸಾರುವ ಮೂರು ಕಪ್ಪು ಎಸಳು, ಕೆಳಗೆ ದಪ್ಪಗೆ 'ಎಕ್ಸ್-ರೇ'. ನೀರು ಬಿದ್ದರೂ ಕಿತ್ತು ಬರಬಾರದೆಂದು ಅಂಗಡಿಯವನಿಗೆ ತಾಕೀತು ಬೇರೆ. ನಮ್ಮ ಡಬ್ಬಿಯಿಂದ ಏನೂ ಹೊರಗೆ ಬರುವುದಿಲ್ಲವಲ್ಲ ಸರ್ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇರಲಿ ಬಿಡವ್ವ, ಗತ್ತು ಬರುತ್ತದೆ ಎಂದೆ.

ಬಲೂನು ಒಡೆದು ಡಬ್ಬಿ ಪ್ಯಾರಾಚೂಟಿನಲ್ಲಿ ಎಲ್ಲೋ ಇಳಿಯಿತು. ಸಿಗ್ನಲ್ ಸತ್ತಿತ್ತು. ಆಸೆ ಬಿಟ್ಟು ಕೂತಾಗ ಕಮಲಾಪುರದಿಂದ ಹೆಣ್ಣುಮಗಳೊಬ್ಬಳ ಫೋನ್ ಬಂತು: ಡಬ್ಬಿ ನಮ್ಮ ತೋಟದಲ್ಲಿದೆ, ಬಂದು ಒಯ್ಯಿರಿ. ಅವಳ ದನಿ ನಡುಗುತ್ತಿದ್ದದ್ದು ನನಗೆ ಕೇಳಿಸಲೇ ಇಲ್ಲ. ಕುಣಿಯುತ್ತ ಹೋದೆವು.

ಕೆಂಪು ಬಾಳೆಯ ಸಾಲುಗಳಾಚೆ ಡಬ್ಬಿಯನ್ನು ಬುಟ್ಟಿಯಡಿ ಮುಚ್ಚಿ, ಮೇಲೆ ಕಲ್ಲು ಹೇರಿದ್ದರು. ಅತ್ತೆಯಾದವರು ದೂರದಿಂದಲೇ ಬೆರಳು ತೋರಿಸಿದರು. ಫೋನ್ ಮಾಡಿದ್ದ ಸೊಸೆ ಇನ್ನೂ ದೂರ, ಬಾಗಿಲಲ್ಲಿ ನಿಂತಿದ್ದಳು. ತುಂಬು ಬಸುರಿ. ತೋಟದಲ್ಲಿ ಬಿದ್ದಿದ್ದ ಡಬ್ಬಿಯನ್ನು ಎತ್ತಿ, ಹೊಟ್ಟೆಗೆ ಅವಚಿಕೊಂಡು ಮನೆಗೆ ತಂದವಳು ಅವಳೇ ಎಂದು ಅತ್ತೆ ಹೇಳಿದರು. ಚಿತ್ರ ಕಂಡದ್ದು ಆಮೇಲೆ; ಕಂಡೊಡನೆ ಡಬ್ಬಿಯನ್ನು ಮತ್ತೆ ತೋಟಕ್ಕೆ ಸಾಗಿಸಿದ್ದರು. ಅದೇ ಚಿತ್ರ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಬಾಗಿಲ ಮೇಲೂ ಇತ್ತಂತೆ, ಕೆಳಗೆ ಗರ್ಭಿಣಿಯರು ಒಳಗೆ ಬರಬಾರದು ಎಂಬ ಬರಹ.

ನಾನು ನಕ್ಕೆ. ಆ ನಗು ನೆನೆದರೆ ಇವತ್ತೂ ಮೈ ಹಿಡಿಯಾಗುತ್ತದೆ. ಇದು ಮೇಲಿನಿಂದ ಬಂದದ್ದನ್ನು ಹಿಡಿಯುವ ಡಬ್ಬಿ, ತಾನಾಗಿ ಏನನ್ನೂ ಬಿಡುವುದಿಲ್ಲ, ಕೂಸಿಗೆ ಏನೂ ಆಗುವುದಿಲ್ಲ ಎಂದು ಪಾಠ ಮಾಡಿದೆ. ಅವಳು ಪೂರ್ತಿ ಕೇಳಿದಳು.

"ಏನೂ ಇಲ್ಲಂದ್ರ ಆ ಚಿತ್ರ ಯಾಕ ಹಚ್ಚೀರಿ, ಸರ?"

ವಿದ್ಯಾರ್ಥಿನಿ ನನ್ನ ಮುಖ ನೋಡಿದಳು.

"ಚೆಂದ ಕಾಣ್ಲಿ ಅಂತವ್ವ," ಎಂದೆ.

ಉಗುರು ಹಾಕಿ ಸ್ಟಿಕರ್ ಕೀಳಲು ಹೋದೆ. ಹೇಳಿ ಮಾಡಿಸಿದ್ದು, ಎಲ್ಲಿ ಬರುತ್ತದೆ.

ಅವಳು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು: "ಕೂಸು ಮಿಸುಕಾಡಿದಾಗೊಮ್ಮೆ, ತಪ್ಪಾತು ನನ್ನಪ್ಪಾ, ಗೊತ್ತಿಲ್ದ ಎತ್ತಿದ್ನಿ ಅಂತ ಅದರ ಮುಂದ ಅಳತಿದ್ನಿ ನೋಡ್ರಿ."