ನಿರಿಗೆ ಮುಂದೋ ಹಿಂದೋ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ಗಲ್ಲಿಯಲ್ಲಿ ನನ್ನ ಟೈಲರ್ ಅಂಗಡಿ ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಿಷಿನ್ ಮುಂದೆ ಕೂತವನು ನಾನು, ಇನ್ನೂ ಎದ್ದಿಲ್ಲ. ನಾನು ಹೊಲಿದ ಬಟ್ಟೆ ಒಂದೂ ಸರಿಮಾಡಿಕೊಡಿ ಎಂದು ವಾಪಸ್ ಬಂದಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಹೇಳುತ್ತಿದ್ದೆ ಎಂದು ಬರೆಯುವ ಹಾಗಾಗಿದ್ದು ಒಂದು ಸೀರಿಯಲ್ಲಿನಿಂದ.

ನನ್ನ ಹಳೇ ಗಿರಾಕಿ ಒಬ್ಬರಿದ್ದಾರೆ, ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಅವರ ಹೊಟ್ಟೆ ಬೆಳೆದ ಇತಿಹಾಸವೆಲ್ಲ ನನ್ನ ಅಳತೆ ಪುಸ್ತಕದಲ್ಲಿದೆ. ಒಂದು ದಿನ ಅವರು ಬಂದು, ಆಚೆ ಈಚೆ ನೋಡಿ, ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಉದ್ದ ಕೂದಲಿನ ಒಬ್ಬ ಆಸಾಮಿ, ಚೌಕಳಿ ಬಟ್ಟೆಯ ಲಂಗ ಉಟ್ಟು ಕುದುರೆ ಮೇಲೆ ಕೂತಿದ್ದ. ಸ್ಕಾಟ್ಲೆಂಡಿನ ಕುಲದ ಮುಖಂಡನಂತೆ. ಈ ಕಾಲದ ಒಬ್ಬ ಹೆಂಗಸು ಹೇಗೋ ಮುನ್ನೂರು ವರ್ಷ ಹಿಂದಕ್ಕೆ ಜಾರಿ ಅವನ ಊರಿಗೆ ಬಂದು ಬೀಳುತ್ತಾಳೆ. ಅದೇ ಸೀರಿಯಲ್. ಅವರ ಹೆಂಡತಿಗೆ ಅದರ ಹುಚ್ಚು. ಬರುವ ಭಾನುವಾರ ಆಕೆಗೆ ಅರವತ್ತು ತುಂಬುತ್ತದೆ, ನೆಂಟರೆಲ್ಲ ಸೇರುತ್ತಾರೆ. ಇವರು ಆ ಮುಖಂಡನ ವೇಷದಲ್ಲಿ ಹೋಗಿ ಮುಂದೆ ನಿಲ್ಲಬೇಕು. ಆಕೆಗೆ ಮೊದಲೇ ಗೊತ್ತಾಗಬಾರದು.

“ಒಂದೊಂದು ಎಪಿಸೋಡೂ ಮೂರು ಸಲ ನೋಡಿದಾಳೆ ಮಾಸ್ಟ್ರೇ. ಒಂದು ಗುಂಡಿ ಹೆಚ್ಚುಕಮ್ಮಿ ಆದ್ರೂ ಹಿಡೀತಾಳೆ. ನೆಂಟರ ಮುಂದೆ ನನ್ನ ಮರ್ಯಾದೆ ನಿಮ್ಮ ಕೈಲಿದೆ” ಎಂದರು.

ಮರ್ಯಾದೆ ಮಾತು ಬಂದ ಮೇಲೆ ನಾನು ಹಿಂದೆ ಸರಿಯುವವನಲ್ಲ. ಸ್ಕೂಲ್ ಹುಡುಗಿಯರ ಸ್ಕರ್ಟಿಗೆ ನಿರಿಗೆ ಹಿಡಿದು ಹಿಡಿದು ನನ್ನ ಹೆಬ್ಬೆರಳು ಚಪ್ಪಟೆಯಾಗಿದೆ, ಇದೇನು ಮಹಾ ಎಂದೆ. ಬಟ್ಟೆ ಉಡುವುದನ್ನು ತೋರಿಸುವ ಎಪಿಸೋಡನ್ನು ಅವರೇ ನನ್ನ ಫೋನಿಗೆ ಹಾಕಿಕೊಟ್ಟರು.

ಬನಶಂಕರಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ ಅದನ್ನು ಟಿವಿಗೆ ಹಾಕಿ ಕೂತೆವು, ನಾನು ಮತ್ತು ನನ್ನ ಹೆಂಡತಿ. ಅಂಗಡಿಯಲ್ಲಿ ಹೆಮ್ಮಿಂಗು, ಹುಕ್ಕು, ಕಾಜಾ ಎಲ್ಲ ಅವಳದೇ. ಎಸ್ಸೆಸ್ಸೆಲ್ಸಿ ಪಾಸಾದವಳು. ಟಿವಿಯಲ್ಲಿ ಮಾತು ಇಂಗ್ಲಿಷು, ಕೆಳಗೆ ಬರುವ ಅಕ್ಷರವೂ ಇಂಗ್ಲಿಷು. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಬೋರ್ಡು ನಿಂತಲ್ಲೇ ನಿಂತಿದ್ದರೆ. ಇವು ನಾನು ಎರಡನೇ ಪದಕ್ಕೆ ಬರುವಷ್ಟರಲ್ಲಿ ಮಾಯ. ಅದನ್ನು ಹೆಂಡತಿಗೆ ಹೇಳುವುದು ಹೇಗೆ? ಅದಕ್ಕೇ ನಾನೇ ಅವಳಿಗೆ ಕಥೆ ಹೇಳತೊಡಗಿದೆ.

ದನದ ವಿಷಯಕ್ಕೆ ಎರಡು ಕುಲದವರು ಗುಡ್ಡದ ಮೇಲೆ ಎದುರುಬದುರು ನಿಂತಿದ್ದರು. ಇದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ. ನಮ್ಮ ದೊಡ್ಡಪ್ಪಂದಿರು ಬೊಮ್ಮನಹಳ್ಳಿಯ ಸೈಟಿಗೆ ಹೀಗೇ ನಿಂತಿದ್ದರು, ಕೈಯಲ್ಲಿ ಕತ್ತಿ ಇರಲಿಲ್ಲ ಅಷ್ಟೇ. ಆಮೇಲೆ ಆ ಹೆಂಗಸು ಅಡುಗೆಮನೆಯ ಮುದುಕಿಯ ಕೈ ಹಿಡಿದು ಅಳುತ್ತಾ ಏನೋ ಕೇಳಿದಳು. ಊಟಕ್ಕೆ ಉಪ್ಪು ಸಾಲದು ಅಂತ ಜಗಳ ಎಂದೆ. ನನ್ನ ಹೆಂಡತಿ ಟಿವಿ ಬಿಟ್ಟು ನನ್ನ ಮುಖ ನೋಡಿದಳು.

ಕೊನೆಗೆ ಮುಖಂಡ ಬಟ್ಟೆ ಉಡುವ ಸೀನು ಬಂತು. ಉದ್ದನೆಯ ಚೌಕಳಿ ಬಟ್ಟೆಯನ್ನು ನೆಲಕ್ಕೆ ಹಾಸಿ, ನಿರಿಗೆ ಹಿಡಿದು, ಅದರ ಮೇಲೇ ಅಂಗಾತ ಮಲಗಿ ಬೆಲ್ಟು ಕಟ್ಟಿಕೊಂಡ.

“ರೀ, ನಿರಿಗೆ ಬೆನ್ನ ಕಡೆ ಹೋಯ್ತು ನೋಡಿ” ಎಂದಳು.

“ಸುಮ್ನಿರೇ. ಎದ್ದ ಮೇಲೆ ಮುಂದಕ್ಕೆ ಎಳ್ಕೋತಾನೆ. ನಿರಿಗೆ ಹಿಂದೆ ಇಟ್ಕೊಂಡು ಯಾರಾದ್ರೂ ಉಡ್ತಾರಾ?”

ಪಂಚೆಯಾಗಲಿ ಸೀರೆಯಾಗಲಿ, ನಿರಿಗೆ ಎಂದರೆ ಹೊಕ್ಕುಳ ಕೆಳಗೆ ಎಂದು ಹುಟ್ಟಿದಾಗಿನಿಂದ ನೋಡಿದವನು ನಾನು. ಅವನು ಎದ್ದವನೇ ಕುದುರೆ ಹತ್ತಿಬಿಟ್ಟ. ನಾನೂ ಟಿವಿ ಆರಿಸಿದೆ.

ಚೌಕಳಿಗೆ ಚೌಕಳಿ ಕೂಡಿಸಿ, ನಿರಿಗೆಯನ್ನೆಲ್ಲ ಮುಂದೆ ತಂದು, ಹೊಟ್ಟೆಗೆ ಧಾರಾಳವಾಗಿ ಜಾಗ ಬಿಟ್ಟು, ಪಕ್ಕದಲ್ಲಿ ಹುಕ್ಕು ಇಡಿಸಿದೆ. ಶನಿವಾರ ಸಂಜೆ ಟ್ರಯಲ್. ಸಾರ್ ಪರದೆ ಸರಿಸಿ ಹೊರಗೆ ಬಂದರು. ಹೊಟ್ಟೆಯ ಮೇಲೆ ನಿರಿಗೆಗಳು ಅರ್ಧ ಬಿಚ್ಚಿದ ಕೊಡೆಯ ಹಾಗೆ ಅರಳಿದ್ದವು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹುಕ್ಕಿನ ಡಬ್ಬಿಯಲ್ಲಿ ಏನೋ ಹುಡುಕತೊಡಗಿದಳು.

ಸಾರ್ ಕನ್ನಡಿಯನ್ನು ಬಹಳ ಹೊತ್ತು ನೋಡಿದರು. “ಮಾಸ್ಟ್ರೇ, ಮುಖಂಡನ ಥರ ಇಲ್ಲ. ಕಾನ್ವೆಂಟ್ ಹುಡುಗಿ ಥರ ಕಾಣ್ತಿದೀನಿ.”

ಅವರ ಫೋನಿನಲ್ಲೇ ಎಪಿಸೋಡ್ ಮುಂದಕ್ಕೆ ಓಡಿಸಿದೆವು. ಮುಖಂಡ ಕುದುರೆ ಇಳಿದು ನಮಗೆ ಬೆನ್ನು ಹಾಕಿ ಗುಡ್ಡ ಹತ್ತುತ್ತಿದ್ದ. ನಿರಿಗೆಯೆಲ್ಲ ಹಿಂದೆ. ತಿರುಗಿದ, ಮುಂದೆ ಗೋಡೆಯ ಹಾಗೆ ಸಪಾಟು.

ನಿಜ ಹೇಳುತ್ತೇನೆ, ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸಾರ್, ನೀವು ಹಿಂದುಮುಂದು ಹಾಕಿಕೊಂಡಿದ್ದೀರಿ ಎಂದರೆ ಅವರು ನಂಬುತ್ತಿದ್ದರು. ಲಂಗವನ್ನು ಒಮ್ಮೆ ತಿರುಗಿಸಿಯೂ ನೋಡಿದೆ. ಹೊಟ್ಟೆಗೆ ಬಿಟ್ಟ ಜಾಗವೆಲ್ಲ ಹಿಂದೆ ಚೀಲದ ಹಾಗೆ ಜೋತುಬಿತ್ತು, ಮುಂದೆ ಹೊಟ್ಟೆ ಬಿಗಿದು ಹುಕ್ಕು ಕೂಡಲಿಲ್ಲ. ಹಾಗೇ ಕಳಿಸಿದರೆ ಆ ವಯಸ್ಸಿನ ಮನುಷ್ಯ ಹೆಂಡತಿಯ ಮುಂದೆ ನಗೆಪಾಟಲಾಗುತ್ತಿದ್ದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಅವರಿಗೂ ಕೇಳಿಸುವ ಹಾಗೆಯೇ ಹೇಳಿದೆ.

“ತಪ್ಪು ನಂದು ಸಾರ್. ಬಿಚ್ಚಿ ಹೊಲೀತೀನಿ. ನಾಳೆ ಹನ್ನೊಂದು ಗಂಟೆಗೆ ಬನ್ನಿ.”

ಭಾನುವಾರ ಬೆಳಗ್ಗೆ ಅಂಗಡಿ ತೆರೆದು ಬ್ಲೇಡು ಹಿಡಿದು ಕೂತೆ. ನಾನು ಬಿಚ್ಚುತ್ತಿದ್ದರೆ ಹೆಂಡತಿ, ನಾನು ಕೇಳದೆಯೇ, ಫೋನಿನಲ್ಲಿ ಅದೇ ಎಪಿಸೋಡ್ ಹಾಕಿ, ಕೆಳಗಿನ ಅಕ್ಷರ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದಳು. ಆಗ ತಿಳಿಯಿತು, ಆ ಹೆಂಗಸು ಮುದುಕಿಯನ್ನು ಕೇಳಿದ್ದು ಇದು ಯಾವ ಇಸವಿ ಎಂದು.

“ಉಪ್ಪು ಅಂದ್ರಲ್ಲ” ಎಂದಳು.

“ಉಪ್ಪಿಲ್ದೇ ಇದ್ರೂ ಅಷ್ಟೇ ಅಳು ಬರುತ್ತೆ ಬಿಡು” ಎಂದೆ.

ಹನ್ನೊಂದಕ್ಕೆ ಇಸ್ತ್ರಿ ಮುಗಿದಿತ್ತು. ಸಾರ್ ಉಟ್ಟುಕೊಂಡು ಗಲ್ಲಿಯಲ್ಲಿ ನಾಲ್ಕು ಹೆಜ್ಜೆ ನಡೆದರು. ಹಿಂದೆ ನಿರಿಗೆಗಳು ಒಂದೇ ತಾಳಕ್ಕೆ ಆಡಿದವು. ಹೋಗುತ್ತಿದ್ದ ಆಟೋ ಒಂದು ಕರೆಯದೆಯೇ ನಿಂತಿತು.

ಎರಡು ದಿನ ಬಿಟ್ಟು ಅವರ ಹೆಂಡತಿ ಚಿರೋಟಿ ಡಬ್ಬಿ ಹಿಡಿದು ಬಂದರು. ಗಂಡನನ್ನು ಕಂಡ ತಕ್ಷಣ ಆಕೆ ಮಾಡಿದ ಮೊದಲ ಕೆಲಸ ಅವರನ್ನು ಹಿಂದಕ್ಕೆ ತಿರುಗಿಸಿ ನೋಡಿದ್ದಂತೆ.

“ಎಲ್ಲರೂ ತಪ್ಪು ಮಾಡೋದು ಅಲ್ಲೇ. ನಿರಿಗೆ ಹಿಂದಿರ್ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಸಾರ್ ಮನೆಯಲ್ಲಿ ಏನೂ ಹೇಳಿರಲಿಲ್ಲ. ಅನುಭವ ಮೇಡಂ ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ನನ್ನ ಹೆಂಡತಿ ತಲೆ ತಗ್ಗಿಸಿ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು.

“ಇವಳು ಮೊದಲೇ ಹೇಳಿದ್ಲು ಮೇಡಂ. ನಾನು ಕೇಳ್ಲಿಲ್ಲ” ಎಂದೆ.

ಮೇಡಂ ಚಿರೋಟಿ ಡಬ್ಬಿಯನ್ನು ನನ್ನ ಟೇಬಲ್ಲಿನಿಂದ ಎತ್ತಿ ಅವಳ ಮುಂದೆ ಇಟ್ಟರು.

ಆ ಲಂಗ ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆಯೇ ಸರಿಹೋದದ್ದು, ಆದ್ದರಿಂದ ವಾಪಸ್ ಬಂದ ಬಟ್ಟೆ ಎಂದು ಹೇಳಲಾಗದು ಎನ್ನುವುದು ನನ್ನ ವಾದ. ಹೆಂಡತಿ ಒಪ್ಪುವುದಿಲ್ಲ. ಹೊಸ ಗಿರಾಕಿಗಳ ಮುಂದೆ ನಾನು ನನ್ನ ಹಳೇ ಮಾತು ಶುರು ಮಾಡಿದರೆ ಅವಳು ತಲೆ ಎತ್ತದೆ “ಒಂದು” ಎನ್ನುತ್ತಾಳೆ. ಒಂದು ಬಿಟ್ಟು ಎಂದು ಸೇರಿಸಿಯೇ ನಾನು ಮುಂದುವರಿಸುತ್ತೇನೆ.